ಬಿ.ಎ. ಮುಗಿಸಿ ಇಂಜಿನಿಯರಿಂಗ್‌ಗೆ: ವಿಶ್ವೇಶ್ವರಯ್ಯ ಹಿಡಿದ ದಾರಿ

ಲಕ್ಕುಂಡಿ (ಗದಗ): ಗದಗದಿಂದ ಹೊಸಪೇಟೆಯ ಕಡೆಗೆ ಹೊರಟರೆ ಹನ್ನೊಂದು-ಹನ್ನೆರಡು ಕಿಲೋಮೀಟರ್ ದೂರದಲ್ಲಿ ಲಕ್ಕುಂಡಿ ಸಿಗುತ್ತದೆ. 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನೂ ಕಾಶಿವಿಶ್ವೇಶ್ವರ ದೇವಾಲಯದ ಕುಸುರಿಯನ್ನೂ ನೋಡಲು ಬರುವವರು ಕಡೆಗೆ ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿಗೆ ಇಳಿಯುತ್ತಾರೆ. ನೀರಿನವರೆಗೆ ಇಳಿಯುವ ಮೆಟ್ಟಿಲುಗಳು, ಗೋಡೆಗಳಲ್ಲಿ ಪುಟ್ಟ ಗುಡಿಯಂಥ ಗೂಡುಗಳು. ಈ ಊರಿನಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ.

ಇವನ್ನು ಕಟ್ಟಿದವರು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ವಿದ್ಯೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಇಳಿದು ಬರುತ್ತಿತ್ತು. ಯಾವ ವಿಭಾಗ ಆರಿಸಬೇಕೆಂಬ ಪ್ರಶ್ನೆ ಅವರಿಗೆ ಎದುರಾಗಿರಲಿಲ್ಲ. ಇಂದು ಪಿಯುಸಿ ಫಲಿತಾಂಶ ಬಂದು, ಸಿಇಟಿ ರ‍್ಯಾಂಕ್ ಕೈಗೆ ಸಿಕ್ಕ ಮನೆಗಳಲ್ಲಿ ಅದೇ ಪ್ರಶ್ನೆ ವಾರಗಟ್ಟಲೆ ನಿದ್ದೆ ಕೆಡಿಸುತ್ತದೆ. ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಮುಂದೇನು ಎಂಬ ಆತಂಕದಲ್ಲಿರುವ ಮನೆಯವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವನದ ಅಣೆಕಟ್ಟಿನ ಭಾಗವನ್ನು ಬದಿಗಿಟ್ಟು, ಅದಕ್ಕೂ ಹಿಂದಿನ ಪುಟಗಳನ್ನು ತಿರುವಿ ನೋಡಬಹುದು.

1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಅವರ ಜನನ. 1860 ಎನ್ನುವವರೂ ಇದ್ದಾರೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮನೆತನದ ವಿದ್ಯೆ ಎಂದರೆ ಶಾಸ್ತ್ರಾಧ್ಯಯನ. ಮಗ ಹದಿಹರೆಯ ದಾಟುವ ಮೊದಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಆರಂಭದ ಓದು ಮುಗಿಸಿದ ಹುಡುಗ ಬೆಂಗಳೂರಿನಲ್ಲಿದ್ದ ಸೋದರಮಾವನ ಆಸರೆಗೆ ಬಂದ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತ, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚನ್ನು ತಾನೇ ನೋಡಿಕೊಂಡ. ಬೀದಿದೀಪದ ಕೆಳಗೆ ಓದಿದರೆಂಬ ಕಥೆ ನಮ್ಮಲ್ಲಿ ಎಲ್ಲ ದೊಡ್ಡವರ ಬಗ್ಗೆಯೂ ಚಾಲ್ತಿಯಲ್ಲಿದೆ. ಇಲ್ಲಿ ಅದರ ಅಗತ್ಯವಿಲ್ಲ, ಮನೆಪಾಠದ ದುಡಿಮೆಯೇ ಸಾಕು.

ಗಣಿತದಲ್ಲಿ ಈ ವಿದ್ಯಾರ್ಥಿಗಿದ್ದ ಹಿಡಿತವನ್ನು ಗುರುತಿಸಿದವರು ಕಾಲೇಜಿನ ಪ್ರಾಂಶುಪಾಲ ಚಾರ್ಲ್ಸ್ ವಾಟರ್ಸ್. ಅವರು ಮೆಚ್ಚಿ ಕೊಟ್ಟ ವೆಬ್‌ಸ್ಟರ್ ನಿಘಂಟಿನ ಪ್ರಸ್ತಾಪ ಜೀವನಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1881ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಬಿ.ಎ. ಪದವಿ ಕೈಸೇರಿತು. ವಯಸ್ಸು ಇಪ್ಪತ್ತರ ಆಸುಪಾಸು.

ಇಲ್ಲೊಂದು ಸಂಗತಿಯನ್ನು ಓದುಗರು ಗಮನಿಸಬೇಕು. ಆ ಕಾಲದ ಬಿ.ಎ. ಪದವೀಧರನಿಗೆ ಸರ್ಕಾರಿ ಕಚೇರಿಯ ಬಾಗಿಲು ತೆರೆದಿರುತ್ತಿತ್ತು. ವಕೀಲಿ ಮಾಡಬಹುದಿತ್ತು, ಮೇಷ್ಟರಾಗಬಹುದಿತ್ತು. ತಂದೆಯಿಲ್ಲದ ಮನೆಯ ಮಗ ಕೂಡಲೇ ಸಂಬಳ ತರುವ ಕೆಲಸ ಹಿಡಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅದನ್ನೆಲ್ಲ ಬಿಟ್ಟು ಮತ್ತೊಮ್ಮೆ ವಿದ್ಯಾರ್ಥಿಯಾಗುವುದೆಂದರೆ ಇನ್ನೂ ಕೆಲವು ವರ್ಷ ಸಂಪಾದನೆ ಇಲ್ಲ. ಅದೂ ಮೈಸೂರು ಸಂಸ್ಥಾನದೊಳಗೆ ಇಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಭಾಷೆ ಬೇರೆ, ಊರು ಬೇರೆ, ಪ್ರಾಂತ್ಯವೇ ಬೇರೆಯಾದ ಪುಣೆಗೆ ಹೋಗಬೇಕಿತ್ತು.

ಪುಣೆಯ ದಾರಿ

ಆಯ್ಕೆಯನ್ನು ಸಾಧ್ಯವಾಗಿಸಿದ್ದು ವಿದ್ಯಾರ್ಥಿವೇತನ. 1881ರ ಮಾರ್ಚ್‌ನಲ್ಲಷ್ಟೇ ಮೈಸೂರಿನ ಆಡಳಿತ ಐವತ್ತು ವರ್ಷಗಳ ಬ್ರಿಟಿಷ್ ಆಳ್ವಿಕೆಯ ನಂತರ ಅರಸರ ಕೈಗೆ ಮರಳಿತ್ತು. ದಿವಾನ್ ರಂಗಾಚಾರ್ಲು ಅವರ ಸರ್ಕಾರ ಈ ಯುವಕನಿಗೆ ಪುಣೆಯ ಸೈನ್ಸ್ ಕಾಲೇಜಿನಲ್ಲಿ ಓದಲು ನೆರವು ನೀಡಿತು. ಆ ನೆರವು ಇಲ್ಲದಿದ್ದರೆ ಗಣಿತದ ಜಾಣ್ಮೆ ಯಾವುದೋ ಕಚೇರಿಯ ಲೆಕ್ಕದ ಪುಸ್ತಕದಲ್ಲಿ ಕಳೆದುಹೋಗುವ ಸಾಧ್ಯತೆಯೇ ಹೆಚ್ಚಿತ್ತು ಎಂಬುದು ಈ ವರದಿಗಾರನ ಅನಿಸಿಕೆ.

1854ರಲ್ಲಿ ಇಂಜಿನಿಯರಿಂಗ್ ತರಗತಿಯಾಗಿ ಆರಂಭವಾಗಿದ್ದ ಆ ಸಂಸ್ಥೆಗೂ ಲಕ್ಕುಂಡಿಗೂ ನಂಟಿದೆ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಗದಗ, ಲಕ್ಕುಂಡಿ ಆ ಜಿಲ್ಲೆಯೊಳಗಿನ ಊರುಗಳು. ಮುದ್ದೇನಹಳ್ಳಿಯ ಹುಡುಗನಿಗೆ ಪುಣೆ ಪರಪ್ರಾಂತ್ಯವಾದರೆ ಲಕ್ಕುಂಡಿಯ ಹುಡುಗನಿಗೆ ತನ್ನದೇ ಪ್ರಾಂತ್ಯದ ಕಾಲೇಜು. ಆದರೆ ಇಬ್ಬರಿಗೂ ಅದು ಕನ್ನಡ ನಾಡಿನಾಚೆಯ ದೂರದ ದಾರಿಯೇ ಆಗಿತ್ತು.

ಇಂದಿನಂತೆ ಹತ್ತಾರು ವಿಭಾಗಗಳ ಪಟ್ಟಿ ಅಲ್ಲಿರಲಿಲ್ಲ. ಸೇರಿದವನು ರಸ್ತೆ, ಸೇತುವೆ, ಕಾಲುವೆ, ಕಟ್ಟಡ ಎಂದು ಸಿವಿಲ್ ಇಂಜಿನಿಯರಿಂಗ್ ಓದಬೇಕು. 1883ರ ಅಂತಿಮ ಪರೀಕ್ಷೆಯಲ್ಲಿ ವಿಶ್ವೇಶ್ವರಯ್ಯ ಪ್ರಥಮ ಸ್ಥಾನ ಪಡೆದರು. ಮೊದಲಿಗರಿಗೆ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಹುದ್ದೆ ಖಚಿತವಾಗಿತ್ತು. 1884ರಲ್ಲಿ ಸಹಾಯಕ ಇಂಜಿನಿಯರ್ ಆಗಿ ನಾಸಿಕ್‌ನಲ್ಲಿ ಸೇವೆ ಆರಂಭವಾಯಿತು. ಹಣ ಕೊಟ್ಟು ಓದಿಸಿದ್ದು ಮೈಸೂರು, ಕೆಲಸಕ್ಕೆ ಕರೆದುಕೊಂಡದ್ದು ಮುಂಬಯಿ! ಮೈಸೂರಿಗೆ ಆ ವಿದ್ಯೆ ಮರಳಿದ್ದು ಇಪ್ಪತ್ತೈದು ವರ್ಷಗಳ ಬಳಿಕ.

ಅವರು ನಿಜವಾಗಿ ಕಲಿತದ್ದು ಆ ಇಪ್ಪತ್ತೈದು ವರ್ಷಗಳಲ್ಲಿ. ಖಾನ್‌ದೇಶದಲ್ಲಿ ಪಾಂಜ್ರಾ ನದಿಯ ಅಡ್ಡಲಾಗಿ ಕೊಳವೆ ಹಾಯಿಸುವ ಕೆಲಸ ಮೊದಲ ದಿನಗಳಲ್ಲೇ ಎದುರಾಯಿತು. 1894-95ರಲ್ಲಿ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಬೇಕಾಯಿತು. ಸಿಂಧೂ ನದಿಯ ನೀರು ಮಣ್ಣುಮಯ, ಶೋಧಿಸುವ ಘಟಕಕ್ಕೆ ಪುರಸಭೆಯಲ್ಲಿ ಹಣವಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿ, ಮರಳಿನ ಮೂಲಕ ತಾನೇ ಸೋಸಿ ಬರುವ ನೀರನ್ನು ಸುರಂಗದಿಂದ ಎಳೆದು ಪಂಪ್ ಮಾಡಿಸಿದರು. ಧಾರವಾಡ, ವಿಜಾಪುರಗಳ ನೀರಿನ ಯೋಜನೆಗಳಿಗೂ ಅವರ ಕೈ ತಾಗಿತು. ಪುಣೆಯ ಕಾಲುವೆಗಳಲ್ಲಿ ಸರದಿಯಂತೆ ನೀರು ಹಂಚುವ ಬ್ಲಾಕ್ ಪದ್ಧತಿ 1899ರದು. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ತಾವೇ ತೆರೆದುಕೊಂಡು, ಇಳಿದೊಡನೆ ಮುಚ್ಚಿಕೊಳ್ಳುವ ಏರ್ಪಾಡು ಅದು. ಅದಕ್ಕೆ ಪೇಟೆಂಟ್ ಪಡೆದರೂ ಸರ್ಕಾರದ ಕೆಲಸದಲ್ಲಿದ್ದು ಮಾಡಿದ್ದೆಂದು ರಾಯಧನ ಸ್ವೀಕರಿಸಲಿಲ್ಲ. ಸಿವಿಲ್ ಓದಿದವರು ಯಂತ್ರದ ಕೆಲಸ, ನೈರ್ಮಲ್ಯ, ಮುಂದೆ ಉಕ್ಕು, ಹಣಕಾಸು ಎಲ್ಲಕ್ಕೂ ಕೈಹಾಕಿದರು. ಪದವಿಪತ್ರದಲ್ಲಿದ್ದ ವಿಭಾಗದ ಹೆಸರು ಎಲ್ಲೂ ಅಡ್ಡಬರಲಿಲ್ಲ.

ಮುಖ್ಯ ಇಂಜಿನಿಯರ್ ಹುದ್ದೆ ಮುಂಬಯಿಯಲ್ಲಿ ಭಾರತೀಯರಿಗೆ ದಕ್ಕುವಂತಿರಲಿಲ್ಲ. 1908ರಲ್ಲಿ ಅವಧಿಗೆ ಮುನ್ನವೇ ನಿವೃತ್ತರಾದರು. ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ್ದ ಹೈದರಾಬಾದಿಗೆ ಯೋಜನೆ ರೂಪಿಸಿಕೊಟ್ಟು, 1909ರ ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ಕಥೆ ಎಲ್ಲರಿಗೂ ಗೊತ್ತಿರುವುದೇ.

ಸೀಟು ಯಾರಿಗೆ?

1912ರಲ್ಲಿ ದಿವಾನರಾದ ಮೇಲೆ ಅವರು ಮಾಡಿದ ಕೆಲಸಗಳಲ್ಲಿ ತಮ್ಮ ಹಳೆಯ ಪುಣೆಯ ಪ್ರಯಾಣದ ನೆನಪು ಇದ್ದಂತಿದೆ. 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಇಂದು ಯುವಿಸಿಇ ಎಂದು ಕರೆಯುವ ಆ ಕಾಲೇಜು ಸಿವಿಲ್ ಮತ್ತು ಮೆಕ್ಯಾನಿಕಲ್ ವಿಭಾಗಗಳೊಂದಿಗೆ, ಇಪ್ಪತ್ತು ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಸಂಸ್ಥಾನದ ಹುಡುಗ ಇಂಜಿನಿಯರ್ ಆಗಲು ಗಡಿ ದಾಟುವುದು ಅಲ್ಲಿಗೆ ತಪ್ಪಿತು.

ಆದರೆ ಆ ಇಪ್ಪತ್ತು ಸೀಟುಗಳು ಯಾರಿಗೆ ಎಂಬ ಪ್ರಶ್ನೆ ಅಂದೇ ಎದ್ದಿತ್ತು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ವರ್ಗಗಳ ಪಾಲು ತೀರ ಕಡಿಮೆ ಎಂಬ ದೂರನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ನೇಮಕಕ್ಕೆ ಅರ್ಹತೆಯೊಂದೇ ಅಳತೆಯಾಗಬೇಕು, ಶಿಕ್ಷಣವನ್ನು ಹರಡುವುದೇ ಪರಿಹಾರ ಎಂಬುದು ದಿವಾನರ ನಿಲುವು. ಭಿನ್ನಾಭಿಪ್ರಾಯ ಬೆಳೆದು ಅವರು ದಿವಾನಗಿರಿಯನ್ನೇ ಬಿಟ್ಟರು. ಸರ್ಕಾರದ ಹಣದಲ್ಲಿ ಪುಣೆಗೆ ಹೋಗಿ ಓದಿದವರು ಈ ನಿಲುವು ತಳೆದದ್ದನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರ ಸಾಧನೆಯನ್ನು ಬರೆಯುವಾಗ ಈ ಭಾಗವನ್ನು ಹಾರಿಸಿ ಬರೆಯುವ ಪರಿಪಾಠ ಸರಿಯಲ್ಲ. ಬೇರೆ ಮನೆಗಳ ಎಷ್ಟು ಹುಡುಗರಿಗೆ ಒಬ್ಬ ವಾಟರ್ಸ್ ಸಿಕ್ಕಿದ್ದ, ಎಷ್ಟು ಮಂದಿ ಬಿ.ಎ.ವರೆಗೆ ತಲುಪಿದ್ದರು ಎಂದು ಕೇಳಿಕೊಳ್ಳದೆ ಅರ್ಹತೆಯ ಲೆಕ್ಕ ಮುಗಿಯುವುದಿಲ್ಲ.

ಪದವಿಗಿಂತ ಕೆಳಗಿನ ಹಂತದ ಕಸುಬುಗಳ ಕಲಿಕೆಯನ್ನೂ ಅವರು ಕಡೆಗಣಿಸಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ದುಡಿಮೆಗೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಕಸುಬು ಕಲಿಸುವ ಸಂಸ್ಥೆಗೆ ಬಳಸಲು ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು ಜಯಚಾಮರಾಜೇಂದ್ರ ಒಡೆಯರ ಹೆಸರಿಡಿಸಿದರು. ಇಂದಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ.

ಉತ್ತರ ಕರ್ನಾಟಕದ ಮಟ್ಟಿಗೆ ಪುಣೆಯ ದಾರಿ ಇನ್ನೂ ಮೂವತ್ತು ವರ್ಷ ಮುಂದುವರಿಯಿತು. ಇಲ್ಲಿನ ಮೊದಲ ಇಂಜಿನಿಯರಿಂಗ್ ಕಾಲೇಜು, ಬಿ.ವಿ. ಭೂಮರಡ್ಡಿ ಕಾಲೇಜು, ಹುಬ್ಬಳ್ಳಿಯಲ್ಲಿ ತೆರೆದದ್ದು 1947ರಲ್ಲಿ. 1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯ 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ನೂರು ತುಂಬಿತ್ತು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. ಗದಗ, ಹುಲಕೋಟಿ, ಲಕ್ಷ್ಮೇಶ್ವರದ ಇಂಜಿನಿಯರಿಂಗ್ ಕಾಲೇಜುಗಳು ಅದರ ವ್ಯಾಪ್ತಿಯಲ್ಲಿವೆ. ಲಕ್ಕುಂಡಿಯಿಂದ ಹುಲಕೋಟಿಗೆ ಬೆಳಿಗ್ಗೆ ಬಸ್ಸು ಹತ್ತಿದ ವಿದ್ಯಾರ್ಥಿ ಸಂಜೆಯ ಹೊತ್ತಿಗೆ ಮನೆಗೆ ಮರಳಬಹುದು.