ಆಟ-ಪಾಠಗಳ ಆಚಾರ್ಯ ಜೆ. ಜಿ. ಟೇಟ್

ಬೆಂಗಳೂರಿನ ಸೆಂಟ್ರಲ್ ಕಾಲೇಜು ಕನ್ನಡನಾಡಿನ ಉನ್ನತ ಶಿಕ್ಷಣದ ಹಿರಿಯ ನೆಲೆಗಳಲ್ಲೊಂದು. 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾಗಿ 1875ರಲ್ಲಿ ಈ ಹೆಸರನ್ನು ತಳೆದ ಆ ಸಂಸ್ಥೆಗೆ ಕೀರ್ತಿ ತಂದ ಗುರುವರ್ಯರಲ್ಲಿ ಜಾನ್ ಗತ್ರಿ ಟೇಟ್ ಅವರು ಗಣ್ಯರು. ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾಗಿ ದುಡಿದ ಈ ವಿದ್ವಾಂಸರು ತಾರುಣ್ಯದಲ್ಲಿ ಸ್ವದೇಶದ ಪರವಾಗಿ ಆಡಿದ ಕ್ರೀಡಾಪಟುವೂ ಆಗಿದ್ದರೆಂಬುದು ಸ್ಮರಣಾರ್ಹ ಸಂಗತಿ.

ಟೇಟ್ ಅವರು 1861ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದರು. ತಂದೆ ಪೀಟರ್ ಗತ್ರಿ ಟೇಟ್ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಸುಪ್ರಸಿದ್ಧ ಭೌತವಿಜ್ಞಾನಿ. ಗಾಲ್ಫ್ ಚೆಂಡು ತಿರುಗುತ್ತ ಹಾರುವುದರಿಂದ ಅದರ ಪಥ ಹೇಗೆ ಬದಲಾಗುವುದೆಂಬುದನ್ನು ಗಣಿತದಿಂದ ವಿವೇಚಿಸಿದ ಮೇಧಾವಿ ಅವರು. ಕಿರಿಯ ಸೋದರ ಫ್ರೆಡರಿಕ್ 1896 ಮತ್ತು 1898ರಲ್ಲಿ ಬ್ರಿಟನ್ನಿನ ಹವ್ಯಾಸಿ ಗಾಲ್ಫ್ ಪ್ರಶಸ್ತಿಯನ್ನು ಗಳಿಸಿದವನು. ಶಾಸ್ತ್ರ ಮತ್ತು ಕ್ರೀಡೆ ಒಂದೇ ಸೂರಿನಡಿ ಬೆಳೆದ ಮನೆ ಅದಾಗಿತ್ತು.

ಎಡಿನ್‌ಬರೋದಲ್ಲಿ ಶಾಲಾಶಿಕ್ಷಣ ಮುಗಿಸಿ ಅವರು ಕೇಂಬ್ರಿಡ್ಜಿನ ಪೀಟರ್‌ಹೌಸ್ ಕಾಲೇಜನ್ನು ಸೇರಿದರು. ಆ ವಿದ್ಯಾಪೀಠದಲ್ಲಿ ಪಂದ್ಯಗಳ ಋತುವಿಗೆ ಸಿದ್ಧರಾಗುವುದೇ ಒಂದು ವ್ರತ. ಅಲ್ಲಿಯ ಕ್ಯಾಮ್ ನದಿ ಬಹಳ ಇಕ್ಕಟ್ಟಾದುದು. ದೋಣಿಗಳು ಅಕ್ಕಪಕ್ಕದಲ್ಲಿ ನಿಂತು ಸ್ಪರ್ಧಿಸಲಾರವು. ಆದುದರಿಂದ ಕಾಲೇಜುಗಳ ದೋಣಿಗಳು ಒಂದರ ಹಿಂದೊಂದು ಹೊರಟು, ಮುಂದಿನದನ್ನು ಬೆನ್ನಟ್ಟಿ ಮುಟ್ಟಿದರೆ ಗೆಲುವು. ಎಂಟು ಮಂದಿ ಹುಟ್ಟುಹಾಕುವವರು, ಒಬ್ಬ ಚುಕ್ಕಾಣಿ ಹಿಡಿಯುವವನು. ಒಬ್ಬನ ಹುಟ್ಟು ತಾಳ ತಪ್ಪಿದರೂ ಎಲ್ಲರ ಶ್ರಮ ವ್ಯರ್ಥ. ಕೆಲವೇ ದಿನಗಳ ಸ್ಪರ್ಧೆಗಾಗಿ ಚಳಿಯಲ್ಲಿ ವಾರಗಟ್ಟಲೆ ಅಭ್ಯಾಸ ನಡೆಯುತ್ತಿತ್ತು. ಟೇಟ್ ಅವರು ಹೆಸರು ಗಳಿಸಿದ್ದು ದೋಣಿಯಲ್ಲಲ್ಲ, ರಗ್ಬಿ ಆಟದಲ್ಲಿ. 1880 ಮತ್ತು 1885ರಲ್ಲಿ ಅವರು ಸ್ಕಾಟ್ಲೆಂಡಿನ ತಂಡದಲ್ಲಿ ಆಡಿದರು.

ಅನಂತರ ಅವರ ಬಾಳು ಮೈಸೂರು ಸಂಸ್ಥಾನದತ್ತ ತಿರುಗಿತು. ಈ ನಾಡು ಅವರ ಬಂಧುವರ್ಗಕ್ಕೆ ಹೊಸದಾಗಿರಲಿಲ್ಲ. ಸೋದರಮಾವ ವಿಲಿಯಂ ಆರ್ಚರ್ ಪೋರ್ಟರ್ ಮೈಸೂರು ಮಹಾರಾಜರಿಗೆ ಶಿಕ್ಷಕರಾಗಿದ್ದವರು. ಬೆಂಗಳೂರಿನಲ್ಲಿ ಕ್ಯಾಮ್‌ನಂಥ ನದಿಯಿಲ್ಲ. ಹೆಬ್ಬಾಳ, ಯಲಹಂಕಗಳ ಕೆರೆಗಳು ಬೇಸಾಯಕ್ಕಾಗಿ ಹಿರಿಯರು ಕಟ್ಟಿದವು. ಇಲ್ಲಿಯ ವಿದ್ಯಾರ್ಥಿಗಳಿಗೆ ಒದಗಿದ್ದು ಕಾಲೇಜಿನ ಬಯಲು, ಅಲ್ಲಿ ಬೇರೂರಿದ್ದು ಕ್ರಿಕೆಟ್. ಮುಂದೆ ಮೈಸೂರು ತಂಡದ ರಣಜಿ ಪಂದ್ಯಗಳಿಗೂ ಆ ಬಯಲೇ ಬಹುಕಾಲ ಅಂಗಳವಾಯಿತು.

ತರಗತಿಯಲ್ಲಿ ಟೇಟ್ ಅವರಿಗೆ ದೊರೆತ ಶಿಷ್ಯರು ಅಸಾಮಾನ್ಯರು. ಹೊಸೂರಿನ ಕಡೆಯಿಂದ ಬಂದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಅವರಲ್ಲಿ ಇಂಗ್ಲಿಷ್ ಸಾಹಿತ್ಯದ ರುಚಿ ಕಂಡರು. ರಾಜಾಜಿಯವರ ಸಹಪಾಠಿ ಹಾಗೂ ಆಜೀವ ಮಿತ್ರರಾದ ನವರತ್ನ ರಾಮರಾಯರು ಮುಂದೆ ದಕ್ಷ ಅಧಿಕಾರಿಯಾಗಿಯೂ, ‘ಕೆಲವು ನೆನಪುಗಳು’ ಗ್ರಂಥದ ಕರ್ತೃವಾಗಿಯೂ ಪ್ರಖ್ಯಾತರಾದರು.

ದೂರದೇಶದ ಸೇವೆಗೆ ಬೆಲೆ ತೆರಬೇಕಾಗುತ್ತದೆ. 1900ರ ಫೆಬ್ರವರಿಯಲ್ಲಿ ಸೋದರ ಫ್ರೆಡರಿಕ್ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಮಡಿದನು. ಪುತ್ರಶೋಕದಿಂದ ಕುಗ್ಗಿದ ತಂದೆ ಮರುವರ್ಷವೇ ತೀರಿಕೊಂಡರು. ಇಂಥ ಆಘಾತಗಳ ನಡುವೆಯೂ ಟೇಟ್ ಅವರು ಅಧ್ಯಾಪನವನ್ನು ತೊರೆಯಲಿಲ್ಲ.

ನಿವೃತ್ತರಾಗಿ ಸ್ವದೇಶಕ್ಕೆ ಹಿಂದಿರುಗಿದ ಮೇಲೂ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟನ ದಿನಚರಿ 1890ರಲ್ಲಿ ಅಚ್ಚಾಗಿತ್ತಾದರೂ ಅದರಲ್ಲಿ ಲೋಪಗಳೂ ತಪ್ಪು ಓದುಗಳೂ ಉಳಿದಿದ್ದವು. ನ್ಯೂಯಾರ್ಕಿನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯ ಛಾಯಾಪ್ರತಿಯೊಡನೆ ಅಚ್ಚಿನ ಪಾಠವನ್ನು ಹೋಲಿಸಿ, ಅವರು ಅದನ್ನು ತಿದ್ದಿ ಸಿದ್ಧಪಡಿಸಿದರು. ಎಪ್ಪತ್ತೆಂಟರ ಹರೆಯದಲ್ಲಿ, 1939ರಲ್ಲಿ, ಮೊದಲ ಸಂಪುಟವೂ 1941ರಲ್ಲಿ ಎರಡನೆಯದೂ ಹೊರಬಂದವು. 1945ರಲ್ಲಿ ಅವರು ಕಾಲವಶರಾದರು. ಕೊನೆಯ ಸಂಪುಟವನ್ನು ಅಚ್ಚಿನಲ್ಲಿ ನೋಡುವ ಭಾಗ್ಯ ಅವರಿಗಿರಲಿಲ್ಲ.

ಪಂದ್ಯದ ದಿನ ಜನ ಕಾಣುವುದು ಗೆಲುವನ್ನು ಮಾತ್ರ. ಅದಕ್ಕೆ ಮುಂಚಿನ ಅಭ್ಯಾಸವನ್ನು ಕಾಣುವವರು ವಿರಳ. ಗ್ರಂಥದ ಮಾತೂ ಹಾಗೆಯೇ. ತಾರುಣ್ಯದಲ್ಲಿ ಆಟದ ಬಯಲಿನಲ್ಲಿಯೂ ಎಂಬತ್ತರ ಸಮೀಪದಲ್ಲಿ ಓದುವ ಮೇಜಿನ ಮುಂದೆಯೂ ಟೇಟ್ ಅವರು ನಡೆಸಿದ್ದು ಒಂದೇ ಸಾಧನೆ: ತಾಳ್ಮೆಯಿಂದ ಸಿದ್ಧರಾಗುವುದು. ಪರೀಕ್ಷೆಗೂ ಪಂದ್ಯಕ್ಕೂ ಅಣಿಯಾಗುವ ವಿದ್ಯಾರ್ಥಿಗಳಿಗೆ ಆ ಜೀವನ ಆದರ್ಶಪ್ರಾಯವೆಂಬುದರಲ್ಲಿ ಸಂದೇಹವಿಲ್ಲ.