ಬೇಡದ್ದನ್ನು ಬಿಟ್ಟ ಕಾರ್ಡಿನಲ್: ಸಂತ ಚಾರ್ಲ್ಸ್ ಬೊರೊಮೆಯೊ

ನವೆಂಬರ್ 4 ಸಂತ ಚಾರ್ಲ್ಸ್ ಬೊರೊಮೆಯೊರವರ ಹಬ್ಬ. ಸಕಲ ಸಂತರ ಹಬ್ಬವೂ ಮೃತರ ಸ್ಮರಣೆಯೂ ಮುಗಿದು, ಸಮಾಧಿಗಳ ಮೇಲಿಟ್ಟ ಹೂವು ಬಾಡುವ ಹೊತ್ತಿಗೆ ಬರುವ ಈ ಹಬ್ಬವನ್ನು ನಮ್ಮಲ್ಲಿ ಅನೇಕರು ಗಮನಿಸುವುದೇ ಇಲ್ಲ. ಚಾರ್ಲ್ಸ್ ಎಂಬ ಹೆಸರಿನವರು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಹೆಸರಿನ ಸಂತರು ಯಾರು, ಅವರು ಏನು ಮಾಡಿದರು ಎಂದು ಕೇಳಿದರೆ ಉತ್ತರಿಸುವವರು ಕಡಿಮೆ.

ಮನೆಗಳನ್ನು ಆಶೀರ್ವದಿಸಲು ಹೋದಾಗಲೆಲ್ಲ ನನಗೆ ಈ ಸಂತರ ನೆನಪಾಗುತ್ತದೆ. ಕಪಾಟು ತುಂಬಿ, ಮಂಚದ ಕೆಳಗೂ ಸಾಮಾನು ಸೇರಿ, ಪವಿತ್ರ ಜಲ ಚಿಮುಕಿಸಲು ಕೋಣೆಯೊಳಗೆ ಕಾಲಿಡಲೂ ಜಾಗವಿರುವುದಿಲ್ಲ. ಅದೇ ಮನೆಯ ತಾಯಿ ನಮ್ಮನ್ನು ಬಾಗಿಲವರೆಗೆ ಬೀಳ್ಕೊಡುತ್ತಾ, ತಿಂಗಳ ಕಂತು ಕಟ್ಟಲಾಗದ ಸಂಕಟವನ್ನು ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಹಿಂದೆ ಪೇಟೆಗೆ ನಾವು ಹೋಗಬೇಕಿತ್ತು. ಈಗ ಪೇಟೆಯೇ ಮೊಬೈಲ್ ಫೋನಿನೊಳಗೆ ಕುಳಿತು ನಮ್ಮ ಮನೆಗೆ ಬಂದಿದೆ. ಬೇಡದ್ದನ್ನು ಕೊಳ್ಳದೆ ಒಂದು ವರ್ಷ ಬದುಕಲು ಸಾಧ್ಯವೇ? ಹಾಗೆ ಬದುಕುವುದು ಹಣ ಉಳಿಸುವ ಉಪಾಯ ಮಾತ್ರವೋ, ವಿಶ್ವಾಸದ ಕಾರ್ಯವೂ ಹೌದೋ? ಸಂತ ಚಾರ್ಲ್ಸರ ಜೀವನ ಇದಕ್ಕೆ ಉತ್ತರ ಕೊಡುತ್ತದೆ.

ಹುಡುಗನ ಲೆಕ್ಕ

ಇಟಲಿಯ ಉತ್ತರದಲ್ಲಿ ಮಜ್ಜೋರೆ ಎಂಬ ದೊಡ್ಡ ಸರೋವರವಿದೆ. ಅದರ ದಡದ ಅರೋನಾ ಕೋಟೆಯಲ್ಲಿ 1538ರ ಅಕ್ಟೋಬರ್ 2ರಂದು ಚಾರ್ಲ್ಸ್ ಜನಿಸಿದರು. ತಂದೆ ಕೌಂಟ್ ಜಿಬೆರ್ತೊ ಬೊರೊಮೆಯೊ ಸಿರಿವಂತರು, ದೈವಭಕ್ತರು. ತಾಯಿ ಮಾರ್ಗರಿತಾ ಮೆದಿಚಿ ಮನೆತನದವರು. ಬೊರೊಮೆಯೊ ಕುಟುಂಬದ ಲಾಂಛನದ ಮೇಲೆ ನಮ್ರತೆ ಎಂಬ ಅರ್ಥದ ಒಂದೇ ಒಂದು ಲತೀನ್ ಪದವಿತ್ತು. ಅರಮನೆಯ ಗೋಡೆಯ ಮೇಲೆ ಆ ಪದವನ್ನು ಕೆತ್ತಿಸುವುದು ಸುಲಭ, ಅದರಂತೆ ಬಾಳುವುದು ಕಷ್ಟ.

ಆ ಕಾಲದಲ್ಲಿ ಸಿರಿವಂತ ಕುಟುಂಬಗಳ ಎಳೆಯ ಮಕ್ಕಳಿಗೂ ಮಠಗಳ ಆದಾಯವನ್ನು ಬಿಟ್ಟುಕೊಡುವ ಕೆಟ್ಟ ಪದ್ಧತಿಯೊಂದು ನಡೆದು ಬಂದಿತ್ತು. ಹಾಗೆಯೇ ಹನ್ನೆರಡರ ಹರೆಯದಲ್ಲಿ ಚಾರ್ಲ್ಸರ ಪಾಲಿಗೂ ಅರೋನಾದ ಮಠವೊಂದರ ಆದಾಯ ಬಂತು. ಆಗ ಬಾಲಕನು ತಂದೆಗೆ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಸಿದನು. ತನ್ನ ವಿದ್ಯಾಭ್ಯಾಸಕ್ಕೆ ತಗಲುವಷ್ಟನ್ನು ಬಿಟ್ಟರೆ ಉಳಿದುದೆಲ್ಲ ಬಡವರ ಸೊತ್ತು, ಅದನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ ಎಂಬುದೇ ಆ ಮಾತು. ನನಗೆ ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ, ಉಳಿದದ್ದು ಯಾರದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಹನ್ನೆರಡರ ಹುಡುಗ ಆ ಎರಡು ಪ್ರಶ್ನೆಗಳನ್ನೂ ಕೇಳಿಕೊಂಡಿದ್ದನು.

ಅಂತಸ್ತು ಎಂಬ ನೆವ

ಆದರೆ ಬಾಲ್ಯದಲ್ಲಿ ಕಲಿತ ಪಾಠವನ್ನು ದೊಡ್ಡವರಾದ ಮೇಲೂ ಮರೆಯದೆ ನಡೆಸುವುದು ಸುಲಭವಲ್ಲ. ಕಾನೂನು ಓದಲು ಪಾವಿಯಾ ವಿಶ್ವವಿದ್ಯಾಲಯಕ್ಕೆ ಹೋದ ಚಾರ್ಲ್ಸರಿಗೆ ತಂದೆ ಬಿಗಿಯಾಗಿ ಹಣ ಕಳುಹಿಸುತ್ತಿದ್ದರು. ಕೌಂಟರ ಮಗನೆಂದ ಮೇಲೆ ಸೇವಕರು, ಬಟ್ಟೆಬರೆ, ಅತಿಥಿ ಸತ್ಕಾರ ಎಲ್ಲವೂ ಅಂತಸ್ತಿಗೆ ತಕ್ಕಂತೆ ನಡೆಯಬೇಕು. ಕೈಯಲ್ಲಿ ಕಾಸಿಲ್ಲವೆಂಬ ಕೊರಗು ಅವರ ಆಗಿನ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಸಂತರಾಗಲಿದ್ದವರಿಗೂ ತಿಂಗಳ ಕೊನೆಯ ಚಿಂತೆ ಕಾಡಿತ್ತು ಎಂಬುದು ನಮ್ಮ ಕುಟುಂಬಗಳಿಗೆ ಸಮಾಧಾನ ತರುವ ಸಂಗತಿ.

1559ರ ಕೊನೆಯಲ್ಲಿ ಅವರ ಬದುಕು ಒಮ್ಮೆಲೇ ತಿರುಗಿತು. ತಾಯಿಯ ಸಹೋದರರು ನಾಲ್ಕನೇ ಪಿಯುಸ್ ಎಂಬ ಹೆಸರಿನಲ್ಲಿ ಪೋಪ್ ಆಗಿ ಆಯ್ಕೆಯಾದರು. ಕೆಲವೇ ವಾರಗಳಲ್ಲಿ, ಅಂದರೆ 1560ರ ಜನವರಿಯಲ್ಲಿ, ಇನ್ನೂ ಗುರುದೀಕ್ಷೆ ಪಡೆಯದ 21ರ ಯುವಕ ಚಾರ್ಲ್ಸರು ಕಾರ್ಡಿನಲರಾದರು. ಪೋಪರ ಆಡಳಿತದ ಹೊರೆಯೆಲ್ಲ ಅವರ ಹೆಗಲಿಗೆ ಬಂತು. ಕೆಲಸದಲ್ಲಿ ಅವರು ನಿಷ್ಠಾವಂತರು, ನಡತೆಯಲ್ಲಿ ನಿಷ್ಕಳಂಕರು. ಆದರೆ ರೋಮಿನಲ್ಲಿ ಕಾರ್ಡಿನಲರೆಂದರೆ ರಾಜಕುಮಾರರಿಗೆ ಸಮಾನ. ನೂರಕ್ಕೂ ಹೆಚ್ಚು ಜನರ ಪರಿವಾರ, ಬೇಟೆ, ಸಂಗೀತ, ವಿದ್ವಾಂಸರ ಗೋಷ್ಠಿ ಎಲ್ಲವೂ ಅವರ ಮನೆಯಲ್ಲಿ ನಡೆದವು. ಬಡವರ ಸೊತ್ತಿನ ಲೆಕ್ಕವಿಟ್ಟಿದ್ದ ಹುಡುಗ ಆ ವೈಭವದೊಳಗೆ ಎಲ್ಲೋ ಮರೆಯಾಗಿದ್ದನು.

ಇದರಲ್ಲಿ ಚಾರ್ಲ್ಸರು ಮಾಡಿದ ಪಾಪವೇನು ಎಂದು ಕೇಳಬಹುದು. ಎಲ್ಲರೂ ಮಾಡಿದ್ದನ್ನೇ ಅವರೂ ಮಾಡಿದರು. ನಾವೂ ಹೇಳುವುದು ಅದನ್ನೇ ತಾನೇ? ಮಗುವಿನ ಪ್ರಥಮ ಪರಮಪ್ರಸಾದದ ದಿನ ನೂರು ಜನರನ್ನು ಕರೆಯದಿದ್ದರೆ ನೆಂಟರು ಏನೆಂದಾರು, ಪಕ್ಕದ ಮನೆಯವರು ಹೊಸದನ್ನು ತಂದಿರುವಾಗ ನಮ್ಮದು ಹಳತಾಗಿದ್ದರೆ ಹೇಗೆ ಎನ್ನುತ್ತೇವೆ. ಅಗತ್ಯ ಬೇರೆ, ಅಂತಸ್ತು ಬೇರೆ. ಅಂತಸ್ತು ಅಗತ್ಯದ ವೇಷ ಹಾಕಿಕೊಂಡು ಬಂದಾಗ ಬುದ್ಧಿವಂತರೂ ಮೋಸಹೋಗುತ್ತಾರೆ.

ಸಾವಿನ ಮನೆಯಲ್ಲಿ ತೆರೆದ ಕಣ್ಣು

1562ರ ನವೆಂಬರಿನಲ್ಲಿ ಅಣ್ಣ ಫೆದೆರಿಕೊ ಹಠಾತ್ತಾಗಿ ತೀರಿಕೊಂಡರು. ಮನೆತನದ ಆಸ್ತಿಯೆಲ್ಲ ಚಾರ್ಲ್ಸರ ಪಾಲಿಗೆ ಬಂತು. ಧರ್ಮಸಭೆಯ ಹುದ್ದೆಯನ್ನು ಬಿಟ್ಟು ಮದುವೆಯಾಗಿ ವಂಶವನ್ನು ಉಳಿಸುವಂತೆ ಬಂಧುಗಳು ಒತ್ತಾಯಿಸಿದರು. ಆದರೆ ಅಣ್ಣನ ಶವಪೆಟ್ಟಿಗೆಯ ಮುಂದೆ ನಿಂತ ತಮ್ಮನಿಗೆ ಬೇರೆಯೇ ದಾರಿ ಕಂಡಿತು. 1563ರಲ್ಲಿ ಅವರು ಗುರುದೀಕ್ಷೆ ಪಡೆದರು. ಅದೇ ವರ್ಷ ಡಿಸೆಂಬರ್ 7ರಂದು, ಮಿಲಾನಿನ ಸಂತ ಅಂಬ್ರೋಸರ ಹಬ್ಬದ ದಿನ, ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು.

ಅದೇ ತಿಂಗಳು ಟ್ರೆಂಟ್ ಮಹಾಸಭೆ ಮುಕ್ತಾಯವಾಯಿತು. ಆ ಮಹಾಸಭೆ ಸುಸೂತ್ರವಾಗಿ ಮುಗಿಯಲು ರೋಮಿನಿಂದ ಹಗಲಿರುಳು ದುಡಿದವರು ಚಾರ್ಲ್ಸರೇ. ಅದರ ಕೊನೆಯ ಅಧಿವೇಶನದ ವಿಧಿಯೊಂದು ಧರ್ಮಾಧ್ಯಕ್ಷರ ಮನೆಯ ಪೀಠೋಪಕರಣ ಸರಳವಾಗಿರಬೇಕು, ಊಟ ಮಿತವಾಗಿರಬೇಕು ಎಂದು ಆದೇಶಿಸಿತು. ಇತರರಿಗೆ ಕಳುಹಿಸಬೇಕಾದ ಆ ಆದೇಶವನ್ನು ಚಾರ್ಲ್ಸರು ಮೊದಲು ತಮ್ಮ ಊಟದ ಮೇಜಿನ ಮೇಲೆಯೇ ಇಟ್ಟು ಓದಿದರು. ಪರಿವಾರವನ್ನು ಕಡಿಮೆ ಮಾಡಿದರು. ರೇಷ್ಮೆ ಹೋಯಿತು, ಆಡಂಬರ ಹೋಯಿತು, ವಾರಕ್ಕೊಮ್ಮೆ ರೊಟ್ಟಿ ಮತ್ತು ನೀರಿನ ಉಪವಾಸ ಬಂತು. ಎಲ್ಲವೂ ಒಂದೇ ದಿನದಲ್ಲಿ ಆಗಲಿಲ್ಲ. ಮೆಟ್ಟಿಲು ಇಳಿದಂತೆ ಒಂದೊಂದಾಗಿ ಬಿಟ್ಟರು. ಇದು ನಾವು ಗಮನಿಸಬೇಕಾದ ಅಂಶ.

ಮಿಲಾನಿನ ಮನೆ

1565ರ ಸೆಪ್ಟೆಂಬರಿನಲ್ಲಿ ಅವರು ಮಿಲಾನ್ ನಗರವನ್ನು ಪ್ರವೇಶಿಸಿದರು. ಸುಮಾರು 80 ವರ್ಷಗಳಿಂದ ಆ ಧರ್ಮಪ್ರಾಂತ್ಯದಲ್ಲಿ ಧರ್ಮಾಧ್ಯಕ್ಷರು ನೆಲೆಸಿ ಆಳ್ವಿಕೆ ನಡೆಸಿರಲಿಲ್ಲ. ಮಂದೆಯಿತ್ತು, ಕುರುಬನಿರಲಿಲ್ಲ. ಬಂದವರೇ ಚಾರ್ಲ್ಸರು ಮನೆಯ ಬೆಳ್ಳಿ ಪಾತ್ರೆ ಮತ್ತು ಬೆಲೆಬಾಳುವ ವಸ್ತುಗಳನ್ನು ಮಾರಿಸಿ, ಬಂದ ಹಣವನ್ನು ಸಂಕಟದಲ್ಲಿದ್ದ ಕುಟುಂಬಗಳಿಗೆ ಕೊಟ್ಟರು. ಅಣ್ಣನಿಂದ ಬಂದ ಓರಿಯಾ ಸಂಸ್ಥಾನವನ್ನು 40,000 ಚಿನ್ನದ ನಾಣ್ಯಗಳಿಗೆ ಮಾರಿ ಅದನ್ನೂ ಹಂಚಿದರು. ತಮ್ಮ ಹೆಸರಿನಲ್ಲಿದ್ದ ಇತರ ಮಠಗಳ ಆದಾಯವನ್ನು ಬಿಟ್ಟುಕೊಟ್ಟರು. ಪ್ರತಿ ತಿಂಗಳೂ ಬಡವರಿಗೆ ಇಷ್ಟು ಹಣ ಸಲ್ಲಲೇಬೇಕೆಂದು ದಾನದ ಉಸ್ತುವಾರಿಯವರಿಗೆ ಕಟ್ಟಪ್ಪಣೆ ಮಾಡಿದರು. ಅವರ ದಾನ ಕೈಗೆ ಸಿಕ್ಕಿದಾಗ ಎಸೆಯುವ ಚಿಲ್ಲರೆಯಾಗಿರಲಿಲ್ಲ. ಮನೆಯ ಬಾಡಿಗೆಯಂತೆ ತಪ್ಪದೆ ಸಲ್ಲುವ ಖರ್ಚಾಗಿತ್ತು.

ಗುರುಮಠಗಳನ್ನು ಕಟ್ಟಿದ್ದು, ಭಾನುವಾರದ ಧರ್ಮೋಪದೇಶ ಶಾಲೆಗಳನ್ನು ಬೆಳೆಸಿದ್ದು, ಬೆಟ್ಟದ ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿ ಹೋದದ್ದು ಎಲ್ಲವನ್ನೂ ಇಲ್ಲಿ ಬರೆಯಲು ಸ್ಥಳ ಸಾಲದು. ಅವರ ಸುಧಾರಣೆಯನ್ನು ಸಹಿಸದ ಸಂನ್ಯಾಸಿ ಸಭೆಯೊಂದರ ಕೆಲವರು 1569ರ ಅಕ್ಟೋಬರಿನಲ್ಲಿ, ಸಂಜೆಯ ಪ್ರಾರ್ಥನೆಯ ವೇಳೆಯಲ್ಲೇ ಅವರ ಮೇಲೆ ಗುಂಡು ಹಾರಿಸಿದರು. ದೇವರ ಕೃಪೆಯಿಂದ ಬೆನ್ನಿಗೆ ತರಚಿದಂತಾಯಿತೇ ಹೊರತು ಪ್ರಾಣಕ್ಕೆ ಅಪಾಯವಾಗಲಿಲ್ಲ. ಮರುವರ್ಷ ಬರಗಾಲ ಬಂದಾಗ ಮೂರು ತಿಂಗಳ ಕಾಲ ದಿನಕ್ಕೆ 3,000 ಜನರಿಗೆ ಅವರು ಅನ್ನ ನೀಡಿದರು. ಅದಕ್ಕಿಂತ ದೊಡ್ಡ ಪರೀಕ್ಷೆ ಇನ್ನೂ ಬರಬೇಕಿತ್ತು.

ಬಣ್ಣದ ಪರದೆಗಳು ಬಟ್ಟೆಯಾದವು

1576ರ ಆಗಸ್ಟ್‌ನಲ್ಲಿ ಮಿಲಾನಿಗೆ ಪ್ಲೇಗ್ ಹೊಕ್ಕಿತು. ರಾಜ್ಯಪಾಲರು ನಗರ ಬಿಟ್ಟು ಹೋದರು. ಸಿರಿವಂತರು ತಮ್ಮ ಹಳ್ಳಿಯ ಮನೆಗಳಿಗೆ ಓಡಿದರು. ಆಗ ಲೋದಿ ಎಂಬ ಊರಿನಲ್ಲಿದ್ದ ಚಾರ್ಲ್ಸರು ಸುದ್ದಿ ತಿಳಿದೊಡನೆ ಎಲ್ಲರೂ ಬಿಟ್ಟು ಓಡುತ್ತಿದ್ದ ನಗರದೊಳಕ್ಕೆ ಮರಳಿ ಬಂದರು. ಸಾವಿಗೆ ಸಿದ್ಧರಾಗಿ ಉಯಿಲು ಬರೆದು, ನಗರದ ದೊಡ್ಡ ಆಸ್ಪತ್ರೆಯನ್ನೇ ತಮ್ಮ ವಾರಸುದಾರನನ್ನಾಗಿ ಮಾಡಿದರು.

ಸೋಂಕು ಹರಡದಂತೆ ಅಂಗಡಿ, ಮಗ್ಗ, ಕಾರ್ಖಾನೆಗಳೆಲ್ಲ ಮುಚ್ಚಿದವು. 2020ರ ಲಾಕ್‌ಡೌನ್ ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ದಿನಗೂಲಿಯಲ್ಲಿ ಬದುಕುವವನಿಗೆ ರೋಗ ಬರುವ ಮೊದಲೇ ಹಸಿವು ಬರುತ್ತದೆ. ಹೀಗೆ ದಿನಕ್ಕೆ 60,000ದಿಂದ 70,000 ಜನರಿಗೆ ಊಟ ಒದಗಿಸಬೇಕಾಯಿತು. ಚಾರ್ಲ್ಸರು ತಮ್ಮಲ್ಲಿದ್ದುದನ್ನೆಲ್ಲ ವೆಚ್ಚ ಮಾಡಿದರು, ಅದು ಮುಗಿದ ಮೇಲೆ ಸಾಲ ಮಾಡಿದರು. ಚಳಿಗಾಲ ಬಂತು, ಬಡವರಿಗೆ ಹೊದೆಯಲು ಬಟ್ಟೆಯಿಲ್ಲ. ಹಬ್ಬದ ಮೆರವಣಿಗೆಗಳಲ್ಲಿ ಧರ್ಮಾಧ್ಯಕ್ಷರ ಮನೆಯಿಂದ ಪ್ರಧಾನಾಲಯದವರೆಗೆ ತೂಗುಹಾಕುತ್ತಿದ್ದ ಬಣ್ಣಬಣ್ಣದ ಬಟ್ಟೆಗಳನ್ನು ಕತ್ತರಿಸಿ ಅಂಗಿ, ಹೊದಿಕೆಗಳನ್ನು ಹೊಲಿಸಿದರು. ಬೀದಿಯ ಅಲಂಕಾರವು ಬಡವನ ಮೈ ಮುಚ್ಚಿತು.

ಹೊರಬರಲಾಗದ ಜನರು ಕಿಟಕಿಯಿಂದಲೇ ಬಲಿಪೂಜೆಯಲ್ಲಿ ಭಾಗವಹಿಸುವಂತೆ ಬೀದಿಗಳಲ್ಲಿ ಬಲಿಪೀಠಗಳನ್ನು ನಿಲ್ಲಿಸಿದರು. ಕೊರಳಿಗೆ ಹಗ್ಗ ಕಟ್ಟಿಕೊಂಡು, ಬರಿಗಾಲಿನಲ್ಲಿ ಶಿಲುಬೆ ಹೊತ್ತು, ಪಶ್ಚಾತ್ತಾಪದ ಮೆರವಣಿಗೆ ನಡೆಸಿದರು. ರೋಗಿಗಳ ಬಳಿಗೆ ತಾವೇ ಹೋಗಿ ಸಂಸ್ಕಾರಗಳನ್ನು ನೀಡಿದರು. ಪ್ಲೇಗ್ ಪೂರ್ತಿ ತೊಲಗಿದ್ದು 1578ರ ಆರಂಭದಲ್ಲಿ.

ಒಂದು ಮಾತನ್ನು ನಾವು ಇಲ್ಲಿ ಯೋಚಿಸಬೇಕು. ಪ್ಲೇಗ್ ಬಂದ ದಿನ ಎದ್ದು ನಿಂತು ಎಲ್ಲವನ್ನೂ ಕೊಡುವ ಶಕ್ತಿ ಅವರಿಗೆ ಎಲ್ಲಿಂದ ಬಂತು? ಹನ್ನೆರಡು ವರ್ಷಗಳಿಂದ ಅವರ ಕೈ ಬಿಡುವುದನ್ನು ಅಭ್ಯಾಸ ಮಾಡಿತ್ತು. ಮುಚ್ಚಿಯೇ ಇದ್ದ ಮುಷ್ಟಿ ಸಂಕಟದ ದಿನ ತಟ್ಟನೆ ತೆರೆಯುವುದಿಲ್ಲ. ಸದ್ಗುಣವೆಂಬುದು ಅಭ್ಯಾಸದಿಂದ ಬೇರೂರುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದ್ದಾರೆ. ನಮ್ಮ ಅಗತ್ಯಕ್ಕೆ ಮೀರಿದ್ದು ಬಡವರ ಹಕ್ಕು ಎಂಬುದೂ ಅವರದೇ ಬೋಧನೆ. ಮಿಲಾನಿನ ಪೀಠದಲ್ಲಿ ಚಾರ್ಲ್ಸರಿಗಿಂತ ಸುಮಾರು ಸಾವಿರದ ಇನ್ನೂರು ವರ್ಷ ಮೊದಲು ಕುಳಿತಿದ್ದ ಸಂತ ಅಂಬ್ರೋಸರು, ಸೆರೆಯಾದವರನ್ನು ಬಿಡಿಸಲು ದೇವಾಲಯದ ಪಾತ್ರೆಗಳನ್ನೇ ಕರಗಿಸಿದ್ದರು. ಆ ಪರಂಪರೆಯನ್ನು ಚಾರ್ಲ್ಸರು ಮುಂದುವರಿಸಿದರು.

ಪ್ಲೇಗ್ ಹೋದ ಮೇಲೆ ಜನರು ಎಲ್ಲವನ್ನೂ ಮರೆತು ಹಳೆಯ ಆಡಂಬರಕ್ಕೆ ಮರಳಬಾರದೆಂದು 1579ರಲ್ಲಿ ಅವರು ಮಿಲಾನಿನ ಜನರಿಗಾಗಿ ಒಂದು ಸ್ಮರಣೆಯ ಪುಸ್ತಕವನ್ನೇ ಬರೆದರು. ಲಾಕ್‌ಡೌನ್‌ನ ದಿನಗಳಲ್ಲಿ ಎಷ್ಟು ಕಡಿಮೆಯಲ್ಲಿ ಬದುಕಬಹುದೆಂದು ನಾವೂ ಕಲಿತೆವು, ಬಾಗಿಲು ತೆರೆದೊಡನೆ ಮರೆತೆವು. 1584ರ ನವೆಂಬರ್ 3ರ ರಾತ್ರಿ, 46ರ ಹರೆಯದಲ್ಲಿ, ದುಡಿಮೆ ಮತ್ತು ಉಪವಾಸದಿಂದ ಸವೆದ ದೇಹವನ್ನು ಬಿಟ್ಟು ಅವರು ಪ್ರಭುವಿನ ಬಳಿಗೆ ಹೋದರು. 1610ರಲ್ಲಿ ಪೋಪ್ ಐದನೇ ಪೌಲರು ಅವರನ್ನು ಸಂತರೆಂದು ಘೋಷಿಸಿದರು.

ನಮಗೊಂದು ವರ್ಷ

ಸಂತ ಚಾರ್ಲ್ಸರ ಕಠಿಣ ಉಪವಾಸವನ್ನು ಸಂಸಾರಸ್ಥರು ಅನುಸರಿಸಬೇಕೆಂದು ನಾನು ಹೇಳುತ್ತಿಲ್ಲ. ಮಕ್ಕಳ ಹಾಲು, ಶಾಲೆಯ ಶುಲ್ಕ, ವೃದ್ಧರ ಔಷಧಿ ಇವು ಅಗತ್ಯಗಳು. ಇವುಗಳಲ್ಲಿ ಕಡಿತ ಮಾಡುವುದು ತ್ಯಾಗವಲ್ಲ, ಅನ್ಯಾಯ. ಜಿಪುಣತನವೂ ಸರಳತೆಯಲ್ಲ. ಜಿಪುಣನೂ ಕೊಳ್ಳುವುದಿಲ್ಲ, ಸಂತನೂ ಕೊಳ್ಳುವುದಿಲ್ಲ. ಉಳಿದ ಹಣ ಎಲ್ಲಿಗೆ ಹೋಯಿತು ಎಂದು ನೋಡಿದರೆ ಇಬ್ಬರ ವ್ಯತ್ಯಾಸ ತಿಳಿಯುತ್ತದೆ.

ಈ ನವೆಂಬರ್ 4ರಿಂದ ಮುಂದಿನ ನವೆಂಬರ್ 4ರವರೆಗೆ ನಮ್ಮ ಕುಟುಂಬಗಳು ಹೀಗೆ ಮಾಡಬಹುದು. ಸಂಜೆಯ ಜಪಸರದ ಬಳಿಕ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಕುಳಿತು, ಯಾವುದು ಅಗತ್ಯ, ಯಾವುದು ಅಂತಸ್ತು ಎಂದು ಮಾತಾಡಿ ಒಂದು ಪಟ್ಟಿ ಮಾಡಲಿ. ಮಕ್ಕಳ ಮಾತನ್ನೂ ಕೇಳಲಿ, ಹನ್ನೆರಡರ ಚಾರ್ಲ್ಸ್ ನಮ್ಮ ಮನೆಯಲ್ಲೂ ಇರಬಹುದು. ಏನನ್ನಾದರೂ ಕೊಳ್ಳಬೇಕೆನಿಸಿದಾಗ ಮುಂದಿನ ಭಾನುವಾರದ ಬಲಿಪೂಜೆಯವರೆಗೆ ಕಾಯಲಿ. ಅನೇಕ ಆಸೆಗಳು ಅಷ್ಟು ದಿನ ಬಾಳುವುದಿಲ್ಲ. ಸಾಲವಿದ್ದವರು ಉಳಿದ ಹಣದಿಂದ ಮೊದಲು ಸಾಲ ತೀರಿಸಲಿ. ಸಾಲವಿಲ್ಲದವರು ಅದನ್ನು ಬೇರೆಯಾಗಿ ಡಬ್ಬಿಯಲ್ಲಿಟ್ಟು, ತಿಂಗಳಿಗೊಮ್ಮೆ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೇ ಪೌಲ್ ಸಭೆಯ ಮೂಲಕವೋ, ತಮಗೆ ಗೊತ್ತಿರುವ ಬಡ ಕುಟುಂಬಕ್ಕೆ ನೇರವಾಗಿಯೋ ಮುಟ್ಟಿಸಲಿ. ನಾನೂ ನನ್ನ ಕೋಣೆಯ ಕಪಾಟಿನಿಂದಲೇ ಆರಂಭಿಸುತ್ತೇನೆ. ಅಲ್ಲಿ ಮುಟ್ಟದೆ ಇಟ್ಟಿರುವ ವಸ್ತುಗಳು ಕಡಿಮೆಯಿಲ್ಲ.

ಚಾರ್ಲ್ಸರು ಹುಟ್ಟಿದ ಅರೋನಾದಲ್ಲಿ 1698ರಲ್ಲಿ ಅವರದೊಂದು ತಾಮ್ರದ ಪ್ರತಿಮೆಯನ್ನು ನಿಲ್ಲಿಸಿದರು. ಪೀಠ ಸೇರಿ ಅದರ ಎತ್ತರ ಸುಮಾರು 35 ಮೀಟರ್. ಪ್ರವಾಸಿಗರು ಅದರ ಒಳಗೇ ಏರಿ ತಲೆಯವರೆಗೆ ಹೋಗಿ ಸರೋವರವನ್ನು ನೋಡಬಹುದು. ಬೆಳ್ಳಿಯನ್ನು ಮಾರಿದ ಸಂತರಿಗೆ ತಾಮ್ರದ ಪ್ರತಿಮೆ ಬೇಕಿತ್ತೋ ಇಲ್ಲವೋ ನಾನು ಹೇಳಲಾರೆ. ಆದರೆ ಅಂಥ ಪ್ರತಿಮೆಯಿಲ್ಲದ ನಮ್ಮ ಊರುಗಳಲ್ಲೂ ಅವರನ್ನು ಗೌರವಿಸಲು ಸಾಧ್ಯ. ನಮ್ಮ ಮನೆಗೆ ಬಾರದೆ ಉಳಿದ ಒಂದು ವಸ್ತುವಿನ ಹಣದಿಂದ ಪಕ್ಕದ ಮನೆಯ ಒಲೆ ಉರಿದರೆ, ಅಂದೇ ಅವರ ಹಬ್ಬ.

ಸಂತ ಚಾರ್ಲ್ಸ್ ಬೊರೊಮೆಯೊರವರು ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಲಿ.