ಹಗಲು ಸಂಗೀತದ ಮೇಷ್ಟ್ರು, ರಾತ್ರಿ ಗ್ರಹ ಹುಡುಕಿದವ

ಮೊದಲು ಓದು ಮುಗಿಸಿ ಕೆಲಸ ಹಿಡಿಯಬೇಕು, ಹವ್ಯಾಸವೆಲ್ಲ ಆಮೇಲೆ ಎಂದು ಮನೆಯವರು ಹೇಳುತ್ತಾರೆ. ಮೊಬೈಲ್ ತೆರೆದರೆ ಕೆಲಸ ಬಿಟ್ಟು ಕನಸಿನ ಹಿಂದೆ ಹೋಗಿ ಎನ್ನುವ ರೀಲ್ಸ್‌ಗಳು. ಇವೆರಡರ ನಡುವೆ ಸಿಕ್ಕಿಕೊಂಡಿರುವ ನನ್ನಂಥವರಿಗೆ ಹೇಳಬೇಕೆನಿಸಿದ್ದು ವಿಲಿಯಂ ಹರ್ಷೆಲ್ ಕಥೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಹೆಸರು ಗೊತ್ತಿರುತ್ತದೆ. ಯುರೇನಸ್ ಗ್ರಹವನ್ನು ಯಾರು, ಯಾವಾಗ ಕಂಡುಹಿಡಿದರು ಎಂಬ ಒಂದು ಅಂಕದ ಪ್ರಶ್ನೆಗೆ ಹರ್ಷೆಲ್, 1781 ಎಂದು ಬರೆದು ಮುಂದೆ ಹೋಗುತ್ತೇವೆ. ಆದರೆ ಆ ವರ್ಷ ಹರ್ಷೆಲ್‌ಗೆ ವಿಜ್ಞಾನದ ಯಾವ ಪದವಿಯೂ ಇರಲಿಲ್ಲ, ಯಾವ ವೀಕ್ಷಣಾಲಯದಲ್ಲೂ ಕೆಲಸ ಇರಲಿಲ್ಲ. ಆತ ಚರ್ಚಿನಲ್ಲಿ ಆರ್ಗನ್ ನುಡಿಸಿ, ಮನೆಪಾಠ ಹೇಳಿ ಬದುಕುತ್ತಿದ್ದ ಸಂಗೀತದ ಮೇಷ್ಟ್ರು.

ಪರದೇಶಕ್ಕೆ ಬಂದ ಹುಡುಗ

ಹರ್ಷೆಲ್ ಹುಟ್ಟಿದ್ದು 1738ರಲ್ಲಿ, ಜರ್ಮನಿಯ ಹ್ಯಾನೋವರ್‌ನಲ್ಲಿ. ಅಪ್ಪ ಸೇನೆಯ ಬ್ಯಾಂಡ್‌ನಲ್ಲಿ ಓಬೋ ಎಂಬ ಊದುವಾದ್ಯ ನುಡಿಸುತ್ತಿದ್ದರು. ಮಗನೂ 14ನೇ ವಯಸ್ಸಿಗೇ ಅದೇ ಬ್ಯಾಂಡ್ ಸೇರಿದ. 1757ರಲ್ಲಿ ಫ್ರೆಂಚರ ಎದುರು ಹ್ಯಾನೋವರ್ ಸೋತಾಗ ಅಣ್ಣನ ಜೊತೆ ಇಂಗ್ಲೆಂಡಿಗೆ ಹೊರಟುಬಂದ. ಲಂಡನ್‌ನಲ್ಲಿ ಬೇರೆಯವರ ಸಂಗೀತದ ಹಾಳೆಗಳನ್ನು ನಕಲು ಮಾಡಿಕೊಟ್ಟು ಹೊಟ್ಟೆ ಹೊರೆದ. ಆಮೇಲೆ ಊರೂರು ಸುತ್ತಿ ಪಾಠ ಹೇಳಿದ, ಕಛೇರಿ ಕೊಟ್ಟ, 24 ಸಿಂಫನಿ ಬರೆದ. ಕೊನೆಗೆ ಬಾತ್ ಎಂಬ ಊರಿನ ಆಕ್ಟಗನ್ ಚಾಪೆಲ್‌ನಲ್ಲಿ ಆರ್ಗನ್ ವಾದಕನಾಗಿ ನೆಲೆ ನಿಂತ. ಬಾತ್ ಶ್ರೀಮಂತರು ಬಿಸಿನೀರಿನ ಬುಗ್ಗೆಗಾಗಿ ಬರುತ್ತಿದ್ದ ಊರು. ಹಾಗಾಗಿ ಸಂಗೀತಗಾರನಿಗೆ ಶಿಷ್ಯರಿಗೂ ಸಂಪಾದನೆಗೂ ಕೊರತೆ ಇರಲಿಲ್ಲ.

ಆತನನ್ನು ಆಕಾಶಕ್ಕೆ ಎಳೆದದ್ದೂ ಸಂಗೀತವೇ. ಸ್ವರಗಳ ಗಣಿತ ತಿಳಿಯಲು ರಾಬರ್ಟ್ ಸ್ಮಿತ್ ಬರೆದ ಪುಸ್ತಕವೊಂದನ್ನು ಓದಿದ. ಅದು ಹಿಡಿಸಿತು. ಅದೇ ಲೇಖಕ ಬೆಳಕಿನ ಬಗ್ಗೆ ಬರೆದ ಪುಸ್ತಕವನ್ನೂ ಹುಡುಕಿ ಓದಿದ. ಅದರಲ್ಲಿ ದೂರದರ್ಶಕ ಮಾಡುವ ವಿಧಾನ ಇತ್ತು. ಆಗ ಹರ್ಷೆಲ್‌ಗೆ 34 ವರ್ಷ.

ಕೊಳ್ಳಲಾಗದ್ದನ್ನು ಮಾಡಿಕೊಂಡ

1773ರಲ್ಲಿ ಸಣ್ಣ ದೂರದರ್ಶಕವೊಂದನ್ನು ಬಾಡಿಗೆಗೆ ತಂದು ನೋಡಿದ. ತೃಪ್ತಿ ಆಗಲಿಲ್ಲ. ದೊಡ್ಡ ಕನ್ನಡಿಯ ಬೆಲೆ ಕೇಳಿದರೆ ಕೈಗೆಟಕುವಂತಿರಲಿಲ್ಲ. ಕನ್ನಡಿ ಉಜ್ಜುವ ಹವ್ಯಾಸವಿದ್ದ ಬಾತ್‌ನ ಒಬ್ಬರಿಂದ ಹಳೆಯ ಉಪಕರಣ ಕೊಂಡು ತಾನೇ ಶುರುಮಾಡಿದ.

ಎಂಜಿನಿಯರಿಂಗ್ ಓದುವ ನನಗೆ ಈ ಭಾಗವೇ ತುಂಬ ಇಷ್ಟ. ಆಗಿನ ದೂರದರ್ಶಕದ ಕನ್ನಡಿ ಗಾಜಿನದಲ್ಲ, ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದ ಲೋಹದ ಬಿಲ್ಲೆ. ತವರ ಹೆಚ್ಚಿದರೆ ಹೊಳಪು ಹೆಚ್ಚು, ಆದರೆ ಬಿಲ್ಲೆ ಬಿರುಕು ಬಿಡುತ್ತದೆ. ಎರಕವಾದ ಮೇಲೆ ಅದನ್ನು ನಡುವೆ ತುಸು ಕುಳಿಯಾಗುವಂತೆ ತೇಯಬೇಕು. ಆ ಕುಳಿಯ ಮೇಲ್ಮೈ ಒಂದು ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಏರುಪೇರಾದರೂ ಚಿತ್ರ ಮಸುಕಾಗುತ್ತದೆ. ನಮ್ಮ ಮೊದಲ ಸೆಮಿಸ್ಟರ್ ವರ್ಕ್‌ಶಾಪ್‌ನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡಿದವರಿಗೆ ಇದು ಎಂಥ ಕೆಲಸ ಎಂದು ಅಂದಾಜಾಗುತ್ತದೆ. ಹರ್ಷೆಲ್ ಬಳಿ ಇದ್ದದ್ದು ಎರಡು ಕೈ ಮಾತ್ರ.

ಮನೆಯೇ ಕಾರ್ಖಾನೆಯಾಯಿತು. ಅತಿಥಿಗಳು ಕೂರುವ ಕೋಣೆಯಲ್ಲಿ ಬಡಗಿ ಕೊಳವೆ ಕಟ್ಟುತ್ತಿದ್ದ. ಮಲಗುವ ಕೋಣೆಯಲ್ಲಿ ತಮ್ಮ ಅಲೆಕ್ಸಾಂಡರ್ ಲೇತ್ ನಿಲ್ಲಿಸಿಕೊಂಡಿದ್ದ. ಪಾಲಿಶ್ ನಡುವೆ ನಿಲ್ಲಿಸಿದರೆ ಕನ್ನಡಿಯ ಆಕಾರ ಕೆಡುತ್ತದೆಂದು ಹರ್ಷೆಲ್ ಒಮ್ಮೆ 16 ಗಂಟೆ ಕೈ ತೆಗೆಯದೆ ಉಜ್ಜಿದ. ಹಾಗೆ ಉಜ್ಜುವಾಗ ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತು ಇಡುತ್ತಿದ್ದಳು, ಬೇಸರ ಕಳೆಯಲು ಕಥೆ ಓದಿ ಹೇಳುತ್ತಿದ್ದಳು.

ಇಷ್ಟೆಲ್ಲ ಆಗುವಾಗಲೂ ಆತ ಕೆಲಸ ಬಿಡಲಿಲ್ಲ. ಹಗಲಿಡೀ ಪಾಠ, ಸಂಜೆ ಕಛೇರಿ, ಮೋಡವಿಲ್ಲದ ರಾತ್ರಿ ಆಕಾಶ. ಹೀಗೆ ಎಂಟು ವರ್ಷ.

ಆ ರಾತ್ರಿ

1781ರ ಮಾರ್ಚ್ 13. ಬಾತ್‌ನ ನ್ಯೂ ಕಿಂಗ್ ಸ್ಟ್ರೀಟ್‌ನ ಮನೆಯ ಹಿಂದಿನ ತೋಟದಲ್ಲಿ 7 ಅಡಿಯ ದೂರದರ್ಶಕ ಹೂಡಿ ಹರ್ಷೆಲ್ ನಕ್ಷತ್ರಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದ್ದ. ವೃಷಭ ಮತ್ತು ಮಿಥುನದ ನಡುವೆ ಒಂದು ಚುಕ್ಕೆ ಉಳಿದವುಗಳಂತೆ ಕಾಣಲಿಲ್ಲ. 227 ಪಟ್ಟು ಹಿಗ್ಗಿಸುವ ಮಸೂರ ತೆಗೆದು 460, ಆಮೇಲೆ 932 ಪಟ್ಟಿನದನ್ನು ಹಾಕಿದ. ನಕ್ಷತ್ರಗಳು ಬಹಳ ದೂರ ಇರುವುದರಿಂದ ಎಷ್ಟು ಹಿಗ್ಗಿಸಿದರೂ ಅದೇ ಲೆಕ್ಕದಲ್ಲಿ ದೊಡ್ಡದಾಗುವುದಿಲ್ಲ. ಈ ಚುಕ್ಕೆ ಮಾತ್ರ ದೊಡ್ಡದಾಗುತ್ತಾ ಹೋಯಿತು. ನಾಲ್ಕು ದಿನ ಬಿಟ್ಟು ನೋಡಿದರೆ ಜಾಗವೂ ಬದಲಾಗಿತ್ತು.

ಆತ ಅದನ್ನು ಧೂಮಕೇತು ಎಂದುಕೊಂಡ. ಬೇರೆಯವರು ಕಕ್ಷೆಯ ಲೆಕ್ಕ ಹಾಕಿದಾಗ ಅದು ಶನಿಗಿಂತಲೂ ಆಚೆ ಇರುವ ಹೊಸ ಗ್ರಹ ಎಂದು ಖಚಿತವಾಯಿತು. ಸೂರ್ಯನಿಂದ ಅದರ ದೂರ ಶನಿಯ ದೂರದ ಸುಮಾರು ಎರಡರಷ್ಟು. ಮನುಷ್ಯರಿಗೆ ಗೊತ್ತಿದ್ದ ಸೌರಮಂಡಲ ಇದ್ದಕ್ಕಿದ್ದಂತೆ ಎರಡು ಪಟ್ಟಾಯಿತು.

ಯುರೇನಸ್ ಅದಕ್ಕೂ ಮೊದಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂದಲ್ಲ. ಇಂಗ್ಲೆಂಡಿನ ರಾಜಖಗೋಳಜ್ಞ ಜಾನ್ ಫ್ಲಾಮ್‌ಸ್ಟೀಡ್ 1690ರಲ್ಲೇ ಅದನ್ನು ನೋಡಿ, ನಕ್ಷತ್ರವೆಂದು ಬರೆದಿಟ್ಟಿದ್ದರು. ಹರ್ಷೆಲ್‌ಗೆ ಅದು ಬೇರೆಯಾಗಿ ಕಂಡದ್ದು ಅದೃಷ್ಟದಿಂದಲ್ಲ. ತಾನೇ ಉಜ್ಜಿದ ಆ ಕನ್ನಡಿ ಅಷ್ಟು ಚೆನ್ನಾಗಿತ್ತು. ವರ್ಷಗಟ್ಟಲೆ ನೋಡಿ ನೋಡಿ ಕಣ್ಣೂ ಪಳಗಿತ್ತು.

ಹೆಸರು ಬಂದ ಮೇಲೂ ಸೋಲು ತಪ್ಪಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ 3 ಅಡಿ ಅಗಲದ ಕನ್ನಡಿ ಎರಕ ಹೊಯ್ಯಲು ಹೋದ. ಅಚ್ಚಿಗಾಗಿ ಕುದುರೆ ಲದ್ದಿಯನ್ನು ರಾಶಿಗಟ್ಟಲೆ ಕುಟ್ಟಿ ಜರಡಿ ಹಿಡಿದರು. ಮೊದಲ ಬಿಲ್ಲೆ ಬಿರುಕು ಬಿಟ್ಟಿತು. ಎರಡನೇ ಸಲ ಕರಗಿದ ಲೋಹ ಸೋರಿ ನೆಲದ ಮೇಲೆ ಹರಿಯಿತು, ಶಾಖಕ್ಕೆ ಹಾಸುಗಲ್ಲುಗಳು ಸಿಡಿದವು, ಎಲ್ಲರೂ ಹೊರಗೆ ಓಡಿದರು.

1782ರಲ್ಲಿ ರಾಜ ಮೂರನೇ ಜಾರ್ಜ್ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದ. ಅದು ಸಂಗೀತದಿಂದ ಬರುತ್ತಿದ್ದುದಕ್ಕಿಂತ ಕಡಿಮೆ. ಆದರೂ ಒಪ್ಪಿಕೊಂಡು, ಕೊರತೆ ತುಂಬಲು ದೂರದರ್ಶಕ ಮಾಡಿ ಮಾರಿದ. ಆತ ಸಂಗೀತದ ವೃತ್ತಿ ಬಿಟ್ಟದ್ದು ಆಗ, 43ನೇ ವಯಸ್ಸಿನಲ್ಲಿ.

ಮುಂದಿನ ಕೆಲಸದಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಸುಮಾರು 2,500 ನೀಹಾರಿಕೆ ಮತ್ತು ನಕ್ಷತ್ರ ಗುಚ್ಛಗಳ ಪಟ್ಟಿ ಮಾಡಿದ. 1800ರಲ್ಲಿ ಬೆಳಕಿನ ಬಣ್ಣಗಳ ಉಷ್ಣತೆ ಅಳೆಯುವಾಗ, ಕೆಂಪಿನ ಆಚೆ ಏನೂ ಕಾಣದ ಕಡೆ ಇಟ್ಟ ಥರ್ಮಾಮೀಟರ್ ಏರಿದ್ದನ್ನು ಗಮನಿಸಿ ಅವಕೆಂಪು ಕಿರಣ ಕಂಡುಹಿಡಿದ. ನಮ್ಮ ಟಿವಿ ರಿಮೋಟ್ ಕೆಲಸ ಮಾಡುವುದು ಆ ಬಗೆಯ ಕಿರಣದಿಂದಲೇ.

ತುತ್ತು ಇಟ್ಟವಳ ಕಥೆ

ಇಲ್ಲಿಗೆ ಮುಗಿಸಿದರೆ ಇದೂ ಒಂದು ರೀಲ್ ಆಗಿಬಿಡುತ್ತದೆ. ಬಾಯಿಗೆ ತುತ್ತು ಇಟ್ಟ ಕ್ಯಾರೊಲಿನ್‌ಗೂ ಒಂದು ಕನಸಿತ್ತು.

ಅಣ್ಣನಿಗಿಂತ 11 ವರ್ಷ ಚಿಕ್ಕವಳು. ಹತ್ತನೇ ವಯಸ್ಸಿನಲ್ಲಿ ಟೈಫಸ್ ಜ್ವರ ಬಂದು ಬೆಳವಣಿಗೆ ನಿಂತಿತು, ಎತ್ತರ ನಾಲ್ಕು ಅಡಿ ಚಿಲ್ಲರೆ. ಅಮ್ಮನಿಗೆ ಆಕೆ ಮನೆಗೆಲಸಕ್ಕಿದ್ದರೆ ಸಾಕಿತ್ತು. ಹರ್ಷೆಲ್ ಆಳಿನ ಖರ್ಚಿಗೆ ಅಮ್ಮನಿಗೆ ಹಣ ಗೊತ್ತುಮಾಡಿ, 1772ರಲ್ಲಿ ತಂಗಿಯನ್ನು ಬಾತ್‌ಗೆ ಕರೆತಂದು ಹಾಡು ಕಲಿಸಿದ. ಕೆಲವೇ ವರ್ಷಗಳಲ್ಲಿ ಆಕೆ ಮುಖ್ಯ ಗಾಯಕಿಯಾದಳು. ಬರ್ಮಿಂಗ್‌ಹ್ಯಾಮ್ ಸಂಗೀತೋತ್ಸವದಿಂದ ಕರೆ ಬಂದರೂ ಅಣ್ಣ ನಡೆಸುವ ಕಛೇರಿಯಲ್ಲಿ ಮಾತ್ರ ಹಾಡುತ್ತೇನೆಂದು ಒಪ್ಪಲಿಲ್ಲ. ಅಣ್ಣ ಸಂಗೀತ ಬಿಟ್ಟ ದಿನ ಆಕೆಯ ಹಾಡೂ ನಿಂತಿತು.

ಮುಂದೆ ಅಣ್ಣ ನೋಡಿ ಹೇಳಿದ್ದನ್ನು ಗಡಿಯಾರ ನೋಡಿ ಬರೆದಿಡುವುದು ಆಕೆಯ ಕೆಲಸ. 1783ರ ಡಿಸೆಂಬರ್ 31ರ ರಾತ್ರಿ ಹಿಮದಲ್ಲಿ ಜಾರಿ, ದೂರದರ್ಶಕದ ಕೊಕ್ಕೆ ಕಾಲಿಗೆ ಚುಚ್ಚಿ ಮಾಂಸ ಕಿತ್ತುಬಂತು. ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ತಾನೇ 8 ಧೂಮಕೇತು ಕಂಡಳು. 1787ರಿಂದ ವರ್ಷಕ್ಕೆ 50 ಪೌಂಡ್ ಸಂಬಳ ಪಡೆದಳು. ಹರ್ಷೆಲ್ 1822ರಲ್ಲಿ ತೀರಿಕೊಂಡ ಮೇಲೆ, 1828ರಲ್ಲಿ, ಲಂಡನ್ನಿನ ಖಗೋಳ ಸಂಘದ ಚಿನ್ನದ ಪದಕ ಆಕೆಗೆ ಬಂತು. ಆದರೆ ಹಾಡು ಮತ್ತೆ ಬರಲಿಲ್ಲ.

ನನ್ನ ಬಿಇ ಫೀಸಿನ ಒಂದು ಪಾಲು ಅಕ್ಕನ ಸಂಬಳದಿಂದ ಬರುತ್ತದೆ. ಪಿಯುಸಿವರೆಗೆ ಚೆನ್ನಾಗಿ ಚಿತ್ರ ಬರೆಯುತ್ತಿದ್ದವಳು ಬಿಕಾಂ ಮುಗಿಸಿ ಲೆಕ್ಕಪತ್ರ ಬರೆಯುವ ಕೆಲಸಕ್ಕೆ ಸೇರಿದಳು. ಕ್ಯಾರೊಲಿನ್ ಬಗ್ಗೆ ಓದುವವರೆಗೆ ನನ್ನ ಆಸಕ್ತಿ, ನನ್ನ ಕನಸು ಎಂದಷ್ಟೇ ಯೋಚಿಸುತ್ತಿದ್ದೆ. ನಮ್ಮಲ್ಲಿ ಹಲವರ ಮನೆಯಲ್ಲಿ ಇಂಥ ಒಬ್ಬರಾದರೂ ಇರುತ್ತಾರೆ.

ಗೆಳೆಯರೇ, ಆಸಕ್ತಿ ಇದೆಯೆಂದು ಓದು ಬಿಡಬೇಕಿಲ್ಲ, ಓದು ಇದೆಯೆಂದು ಆಸಕ್ತಿಯನ್ನೂ ಬಿಡಬೇಕಿಲ್ಲ. ಅನ್ನ ಕೊಡುವ ಕೆಲಸ ಕೈಯಲ್ಲಿರಲಿ, ಉಳಿದ ಹೊತ್ತಿನಲ್ಲಿ ಕನ್ನಡಿ ಉಜ್ಜೋಣ. ಸಾಧನ ಇಲ್ಲವೆಂದು ಕೂರುವ ಬದಲು ಅದನ್ನು ಮಾಡುವುದನ್ನೇ ಕಲಿಯೋಣ. ಹಾಗೆ ಉಜ್ಜುವಾಗ ನಮಗೆ ತುತ್ತು ಇಡುತ್ತಿರುವವರು ಏನನ್ನು ಬದಿಗಿಟ್ಟು ಬಂದಿದ್ದಾರೆ ಎಂದು ಒಮ್ಮೆ ಕೇಳೋಣ. ಮೊದಲ ಸಂಬಳ ಬಂದಾಗ ಅವರ ಕೈಗೆ ಸೀರೆ, ಸ್ವೀಟು ಕೊಡುವುದರ ಜೊತೆಗೆ, ಅವರು ಬಿಟ್ಟ ಹಾಡಿಗೋ ಚಿತ್ರಕ್ಕೋ ವಾರದಲ್ಲಿ ಎರಡು ಗಂಟೆ ಬಿಡುವು ಮಾಡಿಕೊಡೋಣ.